ಬೂದಿ ಮಡಕೆ ಮುಟ್ಟಬೇಡಿ

ಹಾಸ್ಟೆಲ್, ಹಾಸನ
ಶುಕ್ರವಾರ ಬೆಳಿಗ್ಗೆ, ಆಗಸ್ಟ್ 1962

ಪ್ರೀತಿಯ ಸಣ್ಣಕ್ಕನಿಗೆ,

ಸಾರಿ ಅಕ್ಕ. ತುಂಬಿದ ಬಸುರಿಗೆ ಹೆದರಿಸುವ ಕಾಗದ ಬರೆಯಬಾರದು, ನನಗೂ ಗೊತ್ತು. ಅವ್ವನಿಗೆ ಓದು ಬಂದಿದ್ದರೆ ಅವಳಿಗೇ ಬರೆಯುತ್ತಿದ್ದೆ. ಮೊದಲು ಇದನ್ನು ಕೆಳಗಿಟ್ಟು, ಒಲೆ ಮೂಲೆಯ ಬೂದಿ ಮಡಕೆ ಯಾರೂ ಮುಟ್ಟಬೇಡಿ ಎಂದು ಕೂಗಿ ಹೇಳು. ಹಿತ್ತಲಿನ ಮೆಣಸಿನಕಾಯಿ ಬಾಯಿಗೆ ಹಾಕಬೇಡ. ಹೇಳಿದೆಯಾ? ಈಗ ಓದು.

ನಿನ್ನೆ ಸಂಜೆ ಪಕ್ಕದ ಮನೆ ದ್ಯಾವಯ್ಯ ಮಾವ ಹಾಸ್ಟೆಲ್ಲಿಗೆ ಬಂದಿದ್ದ. ಅವ್ವ ಕಳಿಸಿದ ಮೆಣಸಿನಕಾಯಿ ಗಂಟು ಕೊಟ್ಟು, "ನಿಮ್ಮವ್ವನ ಗಿಡ ಎಲೆ ಮುದುರ್ಕಂಡು ಕುಂತಿದ್ವು ಕಣ್ಲಾ ಪುಟ್ಟರಾಜ. ಆಲೂಗೆಡ್ಡೆ ಒಲಕ್ಕೆ ತಂದಿದ್ ಪುಡಿ ಒಂದ್ ಬೊಗಸೆ ಕೊಟ್ಟೆ. ಈಗ ಮದ್ವಣಗಿತ್ತಿ ಅಂಗೆ ನಿಂತವೆ! ಡಬ್ಬದ್ ಮ್ಯಾಲೆ ತಲೆಬುರುಡೆ ಬೇರೆ ಬರ್ದವ್ರೆ, ಉಳ ಎದರ್‍ಸಾಕೆ" ಎಂದು ನಕ್ಕ. "ದಿನಾ ಬೆರ್ಸೋ ಗೋಜ್ಯಾಕೆ ಅಂತ ನಿಮ್ಮವ್ವ ಬೂದಿ ಮಡ್ಕೇಗೇ ಸುರ್ಕಂಡವ್ಳೆ. ಬಲೇ ಗಟ್ಟಿಗಿತ್ತಿ!" ನಾನೂ ನಕ್ಕೆ. ಅವನು ಅರಕಲಗೂಡಿನ ಮಗಳ ಮನೆಗೆ ಹೊರಟುಹೋದ. ಹಾಸ್ಟೆಲ್ಲಿನ ಸಪ್ಪೆ ಸಾರಿಗೆ ಎರಡು ಕಾಯಿ ಕಚ್ಚಿಕೊಂಡು ಉಂಡೆ.

ಇವತ್ತು ಬೆಳಿಗ್ಗೆ ಇಲ್ಲಿನ ಅಡುಗೆಯವರು ನಲ್ಲಿ ಹತ್ತಿರ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದರು. ನೋಡಿದವನೇ ತಣ್ಣಗಾಗಿಬಿಟ್ಟೆ. ಅಂಥ ತಲೆಬುರುಡೆಯ ಡಬ್ಬ ನಮ್ಮ ಬಾಟನಿ ಲ್ಯಾಬಿನಲ್ಲೂ ಇದೆ. "ಈ ಚಿತ್ರ ಹುಳುವಿಗಲ್ಲ, ಮನುಷ್ಯರಿಗೆ. ಪಾಯಿಸನ್" ಎಂದು ಲೆಕ್ಚರರ್ ಹೇಳಿದ್ದರು.

ಮಡಕೆ ನೆನೆಸಿಕೋ ಅಕ್ಕ. ಇಬ್ಬನಿ ಆರುವ ಮೊದಲೇ ಅವ್ವ ಅದರಿಂದ ಒಂದು ಹಿಡಿ ತೆಗೆದು ಗಿಡಕ್ಕೆ ಎರಚುತ್ತಾಳೆ. "ತ್ಯಾವ ಇದ್ದಾಗ್ಲೇ ಎರಚ್ಬೇಕು ಕಣ್ಲಾ, ಇಲ್ದಿದ್ರೆ ಎಲೆ ಮ್ಯಾಲೆ ಕೂರಾಕಿಲ್ಲ" ಎಂದು ನನಗೂ ಕಲಿಸಿದ್ದಳು. ಅದೇ ಬೂದಿಯನ್ನು ತೆಂಗಿನ ನಾರಿಗೆ ಒತ್ತಿಕೊಂಡು ಪಾತ್ರೆ ಉಜ್ಜುತ್ತಾಳೆ. ಅದರಲ್ಲೇ ಹಲ್ಲುಜ್ಜುತ್ತಾಳೆ. ಅವಳ ಪಾಲಿಗೆ ಆ ಮಡಕೆಗೆ ಬಿದ್ದದ್ದೆಲ್ಲ ಬೂದಿಯೇ.

ನೀನೋ, ಬಯಕೆ ಶುರುವಾದಾಗಿನಿಂದ ಹಸಿ ಮೆಣಸಿನಕಾಯಿ ಇಲ್ಲದೆ ಮುದ್ದೆ ಮುರಿಯುವವಳಲ್ಲ. ಗಿಡದಿಂದ ಕಿತ್ತು, ಸೆರಗಿಗೆ ಒರೆಸಿ, ಕಚ್ಚಿಬಿಡುತ್ತೀಯೆ. ಹೋದ ವರ್ಷ ಅಟ್ಟದಿಂದ ಇಳಿಸಿದ ತೊಟ್ಟಿಲು ಖಾಲಿಯಾಗಿಯೇ ಮತ್ತೆ ಅಟ್ಟಕ್ಕೆ ಹೋಯಿತು. ಆಗ ರಜೆಗೆ ಬಂದಿದ್ದ ನಾನು ನಿನ್ನ ಮುಖ ನೋಡಲು ಹೆದರಿ ಹೊಳೆ ಕಡೆ ಹೋಗಿ ಕೂತಿದ್ದೆ. ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವನಿಗೆ ಮನೆಯವರ ದುಃಖದಲ್ಲಿ ಎಲ್ಲಿ ಕೂರಬೇಕು ಅನ್ನುವುದೇ ಗೊತ್ತಾಗುವುದಿಲ್ಲ ಅಕ್ಕ.

ವಾರ್ಡನ್ ಹತ್ತಿರ ಲೀವ್ ಕೇಳಿದೆ. ನರ್ವಸ್ ಆಗಿ ಮಾತು ತೊದಲಿತು. "ಮೆಣಸಿನ ಗಿಡಕ್ಕೆ ಕಾಯಿಲೆ ಅಂತ ಲೀವೇನಯ್ಯಾ?" ಎಂದರು. ಹುಡುಗರೆಲ್ಲ ನಕ್ಕರು, ಲೀವ್ ಸಿಗಲಿಲ್ಲ. ನನ್ನ ಹೊಟ್ಟೆಯೂ ತೊಳಸುತ್ತಿದೆ, ಭಯಕ್ಕೋ ಆ ಕಾಯಿಗೋ ತಿಳಿಯದು.

ಮಡಕೆಯನ್ನು ಬಾವಿಯಿಂದ ದೂರ ಆಳವಾಗಿ ಹೂಳಿಸು. ತಿಪ್ಪೆಗೆ ಸುರಿಯಬೇಡಿ, ಕೋಳಿ ಕೆದಕುತ್ತವೆ. ನೀನು ಮುಟ್ಟಬೇಡ. ಅವ್ವನಿಗೋ ನಿನಗೋ ತಲೆ ತಿರುಗಿದರೆ, ವಾಂತಿಯಾದರೆ, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತಾ ಕೂರಬೇಡಿ. ಸಿಕ್ಕ ಗಾಡಿ ಹತ್ತಿ ಹೊಳೆನರಸೀಪುರದ ಆಸ್ಪತ್ರೆಗೆ ಹೋಗಿ.

ಅಂಚೆಗೆ ಹಾಕಿದರೆ ತಡವೆಂದು ಇದನ್ನು ಹಳ್ಳಿಮೈಸೂರು ಬಸ್ಸಿನ ಕಂಡಕ್ಟರ್ ರಾಮಣ್ಣನ ಕೈಗೆ ಕೊಡುತ್ತಿದ್ದೇನೆ. ಗಿಡ ಕಿತ್ತು ಹಾಕು ಎಂದರೆ ಅವ್ವ ನನ್ನನ್ನು ಬೈಯುತ್ತಾಳೆ. ಬೈದದ್ದನ್ನು ಒಂದು ಮಾತೂ ಬಿಡದೆ ಬರೆ. ಅವಳು ಬೈದಳು ಎಂದರೆ ಚೆನ್ನಾಗಿದ್ದಾಳೆ ಎಂದು ನನಗೆ ಗೊತ್ತಾಗುತ್ತದೆ.

ದೇವರು ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಪುಟ್ಟರಾಜು

ಸಂಜೆ ಬಸ್ಸು ಬರುವಾಗ ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ. ರಾಮಣ್ಣನ ಕೈಲೇ ಬೇಗ ಉತ್ತರ ಕಳಿಸು.