ಹವಾಮಾನದ ಸವತಿ

ಗುರುವಾರ, ನಡುಮಧ್ಯಾಹ್ನ

ಇನ್ನೂ ಮುಖ ಕಾಣದ ನನ್ನ ಸವತಿಗೆ ನಮಸ್ಕಾರ.

ಹೆದರಬೇಡಿ. ನಿಮಗೆ ನನ್ನ ಗಂಡ ಯಾರೆಂದು ಗೊತ್ತಿಲ್ಲ, ಅವರೂ ನಿಮ್ಮನ್ನು ಕಣ್ಣಾರೆ ಕಂಡವರಲ್ಲ. ನಿಮ್ಮಿಬ್ಬರ ನಡುವೆ ಏನೂ ನಡೆದಿಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೂ ಈ ಬೇಸಿಗೆ ಶುರುವಾದಾಗಿನಿಂದ ನಮ್ಮ ದಾಂಪತ್ಯದಲ್ಲಿ ಮೂವರಿದ್ದೇವೆ: ನಾನು, ಅವರು, ಮತ್ತು ಕಿಟಕಿಕಟ್ಟೆಯ ಮೇಲಿನ ರೇಡಿಯೊದಲ್ಲಿ ದಿನಾ ಬೆಳಿಗ್ಗೆ ಹವಾಮಾನ ಓದುವ ನೀವು. ಅದಕ್ಕೇ ಸವತಿ ಎಂದೆ. ಬೇರೆ ಮಾತು ಹುಡುಕಿ ನೋಡಿದೆ, ಸಿಗಲಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಮಿಷನ್ ತುಳಿಯುವವಳು. ಶಾಲೆ ತೆರೆಯುವ ಮುಂಚೆ ಸಮವಸ್ತ್ರದ ರಾಶಿ ಬಂದು ಬೀಳುತ್ತದೆ; ಈಗಲೂ ನೀಲಿ ಚಡ್ಡಿಗಳ ಗುಡ್ಡದ ಪಕ್ಕ ಕೂತೇ ಬರೆಯುತ್ತಿದ್ದೇನೆ. ನಮ್ಮವರದು ಸೋರುವ ತಾರಸಿಗೆ ಡಾಂಬರು ಹಾಕುವ ಕೆಲಸ. ಮಳೆಗೆ ಮುಂಚೆ ಮುಗಿಯಬೇಕಾದ್ದರಿಂದ ಬೇಸಿಗೆಯೇ ಅವರ ಸುಗ್ಗಿ. ಬಿಸಿಲು ಹೆಚ್ಚಿದಷ್ಟೂ ಡಾಂಬರು ಚೆನ್ನಾಗಿ ಹರಡುತ್ತದೆ, ಬಿಗಿಯಾಗಿ ಹಿಡಿಯುತ್ತದೆ. ಅವರ ಮೇಸ್ತ್ರಿಯಂತೂ, "ಬಿಸಿಲು ಅಂದ್ರೆ ನಮಗೆ ಇನ್ನೊಬ್ಬ ಆಳಿದ್ದ ಹಾಗೆ ಕಣ್ರೋ, ಊಟ ಕೇಳಲ್ಲ, ರಜೆ ಕೇಳಲ್ಲ" ಎನ್ನುತ್ತಾನೆ. ಊರೆಲ್ಲ ಆಕಾಶ ನೋಡಿ ಉಸ್ಸೆನ್ನುವಾಗ ಇವರು ಮಾತ್ರ ಕೈ ಉಜ್ಜಿಕೊಂಡು ಏಣಿ ಹತ್ತುತ್ತಾರೆ.

ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದೇನೆ. ನೀರು ಕುಡೀರಿ, ತಲೆಗೆ ಒದ್ದೆ ಟವೆಲ್ ಕಟ್ಟಿ, ನೆತ್ತಿ ಮೇಲೆ ಬಿಸಿಲು ಬಂದಾಗ ಕೆಳಗಿಳೀರಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. "ಬಿಸಿಲಿಗೆ ಹೆದರೋನು ಬ್ಯಾಂಕಲ್ಲಿ ಕೆಲಸ ಹುಡ್ಕೋಬೇಕು" ಎಂದು ನಗುತ್ತಿದ್ದರು. ಅವರೊಬ್ಬರನ್ನೇ ಅಂದು ಏನು ಪ್ರಯೋಜನ? ಎದುರಿನ ಅಂಗಡಿಯವನೂ ಅಷ್ಟೇ, "ಬೇಸಿಗೇಲಿ ಬಿಸಿಲು ಬರ್ದೆ ಮಂಜು ಬೀಳುತ್ತಾ?" ಎನ್ನುತ್ತಾನೆ. ನಮ್ಮತ್ತೆಯವರು "ನಮ್ಮ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಇತ್ತು" ಎನ್ನುತ್ತಲೇ ನೆತ್ತಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮೆಟ್ಟಿಲ ಕೆಳಗಿನ ನೆರಳಲ್ಲಿ ಮಧ್ಯಾಹ್ನ ಪೂರ್ತಿ ಕೂರುತ್ತಾರೆ.

ನಿಮಗಿಂತ ಮುಂಚೆ ಹವಾಮಾನ ಓದುತ್ತಿದ್ದರಲ್ಲ, ಆ ಗಂಟಲು ದಪ್ಪದ ಮಹಾನುಭಾವರು, ಅವರು "ಸಾರ್ವಜನಿಕರು, ವಿಶೇಷವಾಗಿ ವೃದ್ಧರು, ಮಕ್ಕಳು, ಗರ್ಭಿಣಿಯರು ಎಚ್ಚರ ವಹಿಸತಕ್ಕದ್ದು" ಎನ್ನುತ್ತಿದ್ದರು. ಆಗೆಲ್ಲ ನಮ್ಮವರು ಹೊಟ್ಟೆ ಸವರಿಕೊಂಡು ಕೇಳುತ್ತಿದ್ದರು: "ನಾನೇನು ಮುದುಕನಾ, ಮಗುನಾ, ಬಸುರೀನಾ?" ಸಾರ್ವಜನಿಕರು ಅಂದರೆ ಯಾರೆಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಪಕ್ಕದ ಬೀದಿಯ ಕಡೆ ಕೈ ತೋರಿಸುತ್ತಾರೆ.

ಆಮೇಲೆ ನೀವು ಬಂದಿರಿ. ಓದುವುದನ್ನೆಲ್ಲ ಓದಿ ಮುಗಿಸಿ, ಕಾಗದ ಬದಿಗಿಟ್ಟವರ ಹಾಗೆ, "ಕೆಲಸಕ್ಕೆ ಹೊರಟಿರೋರೇ, ಬಾಟ್ಲಿ ತುಂಬ್ಕೊಂಡ್ರಾ?" ಎಂದು ಕೇಳಿದಿರಿ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಅಲ್ಲೇ ನಿಂತರು. "ಇಲ್ಲ ಮೇಡಂ" ಎಂದರು. ರೇಡಿಯೊಗೆ! ಹಾಗೆ ಹೇಳಿ, ನಾನು ಎಷ್ಟೋ ಸಲ ಚೀಲಕ್ಕೆ ತುರುಕಿದರೂ ತೆಗೆದಿಟ್ಟು ಹೋಗುತ್ತಿದ್ದ ಅದೇ ಬಾಟ್ಲಿಯನ್ನು ತಾವೇ ತುಂಬಿಕೊಂಡು ಹೊರಟರು. ನಾನು ಹಿಟ್ಟಿನ ಕೈಯಲ್ಲಿ ಹಾಗೇ ನಿಂತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಹಿತ್ತಲ ಗಿಡ ನಾನೇ.

ಅಲ್ಲಿಂದ ಮುಂದಿನದನ್ನು ಕೇಳಿ. ನೀವು ಒದ್ದೆ ಟವೆಲ್ ಎಂದಿರಿ, ಟವೆಲ್ ಬಂತು. ಉಪ್ಪು ಸಕ್ಕರೆ ಬೆರೆಸಿದ ನೀರು ಎಂದಿರಿ, ಅದೂ ಬಂತು. ಹನ್ನೆರಡರಿಂದ ಮೂರರ ತನಕ ನೆರಳು ಎಂದಿರಿ, ಮೇಸ್ತ್ರಿ ಮುಖ ಗಂಟು ಹಾಕಿಕೊಂಡರೂ ಇವರು ಇಳಿದು ನೀರಿನ ಟ್ಯಾಂಕಿನ ಅಡಿ ಕೂರತೊಡಗಿದರು. ಜೊತೆಯವರು ಇವರಿಗೆ "ಮೇಡಂ ಭಕ್ತ" ಎಂದು ಹೆಸರಿಟ್ಟರು. ಅದಕ್ಕೂ ಬೇಸರವಿಲ್ಲ, ಹಲ್ಲು ಬಿಡುತ್ತಿದ್ದರು. ಮೊದಲೆಲ್ಲ ಭಾನುವಾರಕ್ಕೊಮ್ಮೆ ಗಡ್ಡ ಹೆರೆದುಕೊಳ್ಳುತ್ತಿದ್ದ ಮನುಷ್ಯ ಈಗ ದಿನಾ ನಿಮ್ಮ ವಾರ್ತೆಗೆ ಮುಂಚೆ ಶೇವಿಂಗ್ ಮುಗಿಸುತ್ತಾರೆ. ರೇಡಿಯೊಗೆ ಕಣ್ಣಿಲ್ಲ ಕಣ್ರೀ ಎಂದೆ ಒಮ್ಮೆ. "ಅಭ್ಯಾಸ ಒಳ್ಳೇದಲ್ವಾ?" ಎಂದರು. ನಿಮಗೆ ಒಂದು ದಿನ ಓದುವಾಗ ಕೆಮ್ಮು ಬಂತು ನೋಡಿ, "ಪಾಪ, ಮೇಡಂಗೆ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯೋಕೆ ಯಾರಾದ್ರೂ ಹೇಳಬಾರದಾ" ಎಂದರು. ನಾನು ಬಟ್ಟೆಯ ಧೂಳಿಗೆ ವರ್ಷಗಟ್ಟಲೆ ಕೆಮ್ಮುತ್ತಿದ್ದೇನೆ.

ಈಗ ಹೇಳಿ, ಹೊಟ್ಟೆ ಉರಿಯದೆ ಇರುತ್ತದಾ? ಉರಿಯಿತು. ನಮ್ಮದು ಮೇಲಿನ ಕೋಣೆ. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ, ಮಿಷನ್ನಿನ ಕಬ್ಬಿಣ ಮುಟ್ಟುವ ಹಾಗಿಲ್ಲ, ಫ್ಯಾನ್ ಹಾಕಿದರೆ ಕತ್ತರಿಸಿದ ತುಂಡುಗಳೆಲ್ಲ ಹಾರುತ್ತವೆಂದು ಅದನ್ನೂ ಆರಿಸಿ ಕೂರುತ್ತೇನೆ. ನೀವು "ಮನೆಯೊಳಗೇ ಇರಿ" ಎನ್ನುತ್ತೀರಿ. ಇದ್ದೇನಮ್ಮ. ಒಳಗಿರುವವಳು ಬಾಟ್ಲಿ ತುಂಬಿಕೊಂಡಳಾ ಎಂದು ನೀವೂ ಕೇಳಲಿಲ್ಲ, ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸುವವರೂ ಕೇಳಲಿಲ್ಲ.

ಇಷ್ಟಾದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಹೋದ ತಿಂಗಳ ಮಾತು ಹೇಳಬೇಕು.

ಅವತ್ತಿನ ಹಿಂದಿನ ಸಂಜೆಯೇ ಗಾಳಿ ಸತ್ತುಹೋಗಿತ್ತು. ಕಾಗೆಗಳು ಬಾಯಿ ತೆರೆದುಕೊಂಡು ಗೋಡೆಯ ನೆರಳಲ್ಲಿ ಕೂತಿದ್ದವು. ಊಟಕ್ಕೆ ಬಡಿಸುತ್ತ, ರೀ, ನಾಳೆ ಒಂದಿನ ಹೋಗಬೇಡಿ ಎಂದೆ. ಅವರು ತಲೆ ಎತ್ತದೆ, "ನೋಡೋಣ, ಬೆಳಿಗ್ಗೆ ಮೇಡಂ ಏನಂತಾರೋ" ಎಂದರು. ಅಷ್ಟೇ ಅಂದದ್ದು. ಅನ್ನದ ಸೌಟು ತಟ್ಟೆಗೆ ಬಡಿದ ಸದ್ದು ನಮ್ಮತ್ತೆಗೂ ಕೇಳಿಸಿತು. ಆ ಹೊತ್ತು ನನ್ನ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದರ ಮುಂದೆ ಅವರ ಡಾಂಬರಿನ ಡ್ರಮ್ಮು ತಣ್ಣಗೆ.

ಬೆಳಿಗ್ಗೆ ನಮ್ಮ ರೇಡಿಯೊ ಬಾಯಿ ಬಿಡಲಿಲ್ಲ. ಹಳೇ ಪೆಟ್ಟಿಗೆ, ಏನು ಕೆಟ್ಟಿತ್ತೋ. ಅವರು ತಟ್ಟಿದರು, ಅಲುಗಾಡಿಸಿದರು, ಕಿವಿಗಿಟ್ಟುಕೊಂಡರು. "ಸರಿ, ಮೇಡಂಗೂ ರಜೆ ಬೇಕಲ್ಲ" ಎಂದು ನಕ್ಕು ಹೊರಟರು. ಯಾರೂ ಕೇಳಲಿಲ್ಲವೆಂದೋ ಏನೋ, ಬಾಟ್ಲಿ ಅಡುಗೆಕಟ್ಟೆಯ ಮೇಲೇ ಉಳಿಯಿತು.

ಅವತ್ತು ನೀವು ಏನು ಹೇಳಿದ್ದಿರಿ ಎಂದು ನನಗೆ ಗೊತ್ತಾದದ್ದು ಸಂಜೆ, ಆಸ್ಪತ್ರೆಯ ನರ್ಸಮ್ಮನ ಬಾಯಿಂದ. "ತಾರಸಿ ಮೇಲೆ, ರಸ್ತೆ ಮೇಲೆ ಕೆಲಸ ಮಾಡೋರೇ, ಇವತ್ತು ಬೇಡ. ನನ್ನ ಮಾತು ಕೇಳಿ, ಮನೇಲೇ ಇರಿ" ಎಂದಿದ್ದಿರಂತೆ. ಸಾರ್ವಜನಿಕರು ಎನ್ನಲಿಲ್ಲ. ತಾರಸಿ ಎಂದು ಬಾಯಿ ಬಿಟ್ಟು ಹೇಳಿದ್ದಿರಿ.

ಮಧ್ಯಾಹ್ನ, ಅವತ್ತು ನೆರಳಿಗೂ ಇಳಿಯದೆ, ಡಾಂಬರಿನ ಹೊಗೆಯ ನಡುವೆ ನಿಂತಿದ್ದವರು ಇದ್ದಕ್ಕಿದ್ದಂತೆ, "ಯಾರೋ ಅದು, ಕಿಟಕಿ ಮುಚ್ಚಿ, ಬಿಸಿಗಾಳಿ ಬರ್ತಿದೆ" ಎಂದರಂತೆ. ಬಟಾಬಯಲಿನ ತಾರಸಿ, ಎಲ್ಲಿಯ ಕಿಟಕಿ? ತಮಾಷೆ ಮಾಡುತ್ತಿದ್ದಾರೆಂದು ಜೊತೆಯವರು ಬಿದ್ದು ಬಿದ್ದು ನಕ್ಕರಂತೆ. ಒಬ್ಬನಂತೂ ಎದ್ದು ಕಿಟಕಿ ಮುಚ್ಚುವ ಹಾಗೆ ನಟಿಸಿದನಂತೆ. ಇವರು ಇಲ್ಲದ ಬಾಗಿಲು ಹುಡುಕುತ್ತ ತಾರಸಿಯ ಅಂಚಿನ ಕಡೆ ನಡೆದಾಗ ನಗು ನಿಂತಿತು. ಹಿಡಿದು ಎಳೆಯುವಷ್ಟರಲ್ಲಿ ಕುಸಿದರು. ಮೈ ಮುಟ್ಟಿದರೆ ಕಾದ ಹಂಚು, ಒಂದು ಹನಿ ಬೆವರಿಲ್ಲ. ಬೆವರಿಲ್ಲವಲ್ಲ, ಹಾಗಾದರೆ ಬಿಸಿಲಿಂದಲ್ಲ ಎಂದು ಮೇಸ್ತ್ರಿ ವಾದ ಮಾಡಿದನಂತೆ. ಬೆವರು ನಿಂತದ್ದೇ ಗಂಡಾಂತರ ಎಂದು ಡಾಕ್ಟರು ಆಮೇಲೆ ಹೇಳಿದರು.

ಐಸಿನ ಚೀಲಗಳ ನಡುವೆ ಮಲಗಿಸಿದ್ದರು. ಕೈ ಹಿಡಿದುಕೊಂಡು ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ತುಟಿ ಅಲುಗಿತು. ನನ್ನನ್ನು ಕರೆಯುತ್ತಾರೆಂದು ಕಿವಿ ಹತ್ತಿರ ಒಯ್ದೆ. "ತುಂಬ್ಕೊಂಡೆ ಮೇಡಂ" ಎಂದರು.

ಬದುಕಿದರಲ್ಲ ಎಂದು ಅತ್ತುಬಿಟ್ಟೆ, ನಿಮ್ಮನ್ನು ನೆನೆದರಲ್ಲ ಎಂದೂ ಅತ್ತೆ. ಯಾವುದಕ್ಕೆ ಎಷ್ಟು ಅತ್ತೆನೆಂದು ಕೇಳಬೇಡಿ.

ಈಗ ಮನೆಯಲ್ಲಿದ್ದಾರೆ. ನಡೆದರೆ ಕಾಲು ಸ್ವಲ್ಪ ತಡವರಿಸುತ್ತದೆ, ಮಾತಿನ ನಡುವೆ ಪದಕ್ಕಾಗಿ ತಡಕಾಡುತ್ತಾರೆ. ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿ ಇಲ್ಲ, ಈ ಬೇಸಿಗೆ ಬಿಸಿಲಿಗೆ ಇಳಿಸಲೇಬೇಡಿ ಎಂದಿದ್ದಾರೆ ಡಾಕ್ಟರು. ಆದರೆ ನಿನ್ನೆ ಮೇಸ್ತ್ರಿ ಬಂದಿದ್ದ. ಸೋಮವಾರ ಒಂದು ದೊಡ್ಡ ಗೋದಾಮಿನ ತಾರಸಿ ಶುರುವಂತೆ. "ಅವತ್ತೇನೋ ಪಿತ್ತ ಕೆರಳಿತ್ತು, ಬಿಸಿಲಿಗೆ ಯಾರಾದ್ರೂ ಸಾಯ್ತಾರಾ?" ಎಂದ. ಇವರೂ "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು" ಎಂದು ತಲೆ ಆಡಿಸಿದರು. ಮೇಸ್ತ್ರಿ ಹೋದ ಮೇಲೆ ಅಂಗಲಾಚಿದೆ, ಜಗಳವಾಡಿದೆ, ಅವರ ಚಪ್ಪಲಿ ಬಚ್ಚಿಟ್ಟೆ. ಎಲ್ಲ ಆದ ಮೇಲೆ ಏನು ಹೇಳಿದರು ಗೊತ್ತಾ? ನಿಮಗೆ ಗೊತ್ತಿರುತ್ತದೆ. "ಸೋಮವಾರ ಮೇಡಂ ಏನಂತಾರೋ ನೋಡೋಣ."

ಆದ್ದರಿಂದ ಕೈ ಮುಗಿದು ಕೇಳುತ್ತೇನೆ. ಸೋಮವಾರ ಬೆಳಿಗ್ಗೆ ಅವತ್ತಿನ ಹಾಗೇ ಹೇಳಿ. ತಾರಸಿ ಎಂದು ಬಿಡಿಸಿ ಹೇಳಿ. ಡಾಂಬರು ಎಂದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಿಂದ ಬಂದವರು ಹೋಗಲೇಬಾರದು ಎಂದೂ ಸೇರಿಸಿ. ಅವತ್ತು ಬಿಸಿಲು ಒಂದು ಡಿಗ್ರಿ ಕಮ್ಮಿ ಇದ್ದರೆ ದಯವಿಟ್ಟು ಅದನ್ನು ಓದುವಾಗ ಮೆಲ್ಲಗೆ ಓದಿ.

ಈ ಕಾಗದವನ್ನು ಅಂಚೆಗೆ ಹಾಕಿದರೆ ಹೊತ್ತಿಗೆ ಮುಟ್ಟುವುದಿಲ್ಲ. ನಾನೇ ಬಂದು ನಿಮ್ಮ ಗೇಟಿನ ಕಾವಲಿನವರ ಕೈಗೆ ಕೊಟ್ಟು ಹೋಗುತ್ತೇನೆ. ಒಳಗೆ ಬರುವುದಿಲ್ಲ. ನೀವು ನೋಡಲು ಚೆನ್ನಾಗಿದ್ದುಬಿಟ್ಟರೆ ನನಗೆ ಇನ್ನೂ ಕಷ್ಟ.

ಇಂತಿ,
ನಿಮ್ಮ ಭಕ್ತರ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅವತ್ತು ರೇಡಿಯೊ ಕೆಟ್ಟಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ನಾನೇ ಸೆಲ್ಲು ತೆಗೆದು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಿದೆ. ಕೆಡುಕು ಬಯಸಿ ಅಲ್ಲ. ಒಂದೇ ಒಂದು ದಿನ, ನೀವು ನಡುವೆ ಇಲ್ಲದೆ, ನನ್ನ ಮಾತಿಗೆ ಅವರು ಮನೆಯಲ್ಲಿ ನಿಲ್ಲುತ್ತಾರಾ ಎಂದು ನೋಡಬೇಕಿತ್ತು. ಬಾಗಿಲಲ್ಲಿ ಅಡ್ಡ ನಿಂತು, ಹೋಗಬೇಡಿ ಎಂದೆ. ಅವರು ಪ್ರೀತಿಯಿಂದಲೇ ನನ್ನ ಭುಜ ಸರಿಸಿ, "ನೀನು ದಿನಾ ಹೇಳ್ತೀಯಲ್ಲೇ" ಎಂದರು. ನಿಮ್ಮ ವಾರ್ತೆ ಆಗಿನ್ನೂ ಮುಗಿದಿರಲಿಲ್ಲ. ಎದುರಿನ ಅಂಗಡಿಯಿಂದ ನಿಮ್ಮ ದನಿ ಸಣ್ಣಗೆ ಕೇಳುತ್ತಲೂ ಇತ್ತು, ಪದಗಳು ಮಾತ್ರ ತಿಳಿಯುತ್ತಿರಲಿಲ್ಲ. ಡಬ್ಬಿ ನನ್ನ ಕೈಗೆ ಸಿಗುವ ದೂರದಲ್ಲೇ ಇತ್ತು. ಸೆಲ್ಲು ಹಾಕಬಹುದಿತ್ತು, ಹಾಕಲಿಲ್ಲ.

ನೋಡಲು ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಾರೆ: "ಅವತ್ತು ಆ ರೇಡಿಯೊ ಕೆಡದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ." ಬಂದವರ ಕೈಗೆ ನೀರಿನ ಲೋಟ ಕೊಡುತ್ತ ನಾನು ಹೌದು ಎನ್ನುತ್ತೇನೆ.

ಸೋಮವಾರ ಸೆಲ್ಲು ರೇಡಿಯೊದಲ್ಲೇ ಇರುತ್ತದೆ. ನೀವು ಗಟ್ಟಿಯಾಗಿ ಹೇಳಿ.