ಮೂರನೇ ಬಾಗಿಲ ಕಾವಲುಗಾರ

ಮಾಗಡಿ
ಭಾನುವಾರ, 9 ನವೆಂಬರ್ 2025

ಮಗಳು ನಯನಾಳಿಗೆ,

ಅಪ್ಪನ ಪ್ರೀತಿ, ಅದರ ಮೇಲೆ ಅಮ್ಮನದು ಇನ್ನೊಂದಿಷ್ಟು. ನಾವಿಬ್ಬರೂ ಚೆನ್ನಾಗಿದ್ದೇವೆ. ಪುಣೆಯಲ್ಲಿ ಆಗಲೇ ಚಳಿ ಶುರುವಾಗಿದೆ ಎಂದು ಪೇಪರಿನಲ್ಲಿ ಓದಿದೆ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಆಫೀಸಿಗೆ ಓಡಬೇಡ.

ಮೊಬೈಲಿನಲ್ಲಿ ಟೈಪ್ ಮಾಡಿದರೆ ಆಗುವುದಿಲ್ಲವೇ, ಕಾಗದ ಯಾಕೆ ಎನ್ನುತ್ತೀಯ. ಅಲ್ಲಿ ಒಂದಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ. ಗಂಟಲಿನ ಆಪರೇಷನ್ ಆದಮೇಲೆ ಮನೆಯಲ್ಲಿ ಸ್ಲೇಟಿನ ಮೇಲೆ ನಾಲ್ಕು ಮಾತು ಬರೆದು ಅಳಿಸುವುದೇ ನನ್ನ ಸಂಸಾರವಾಗಿದೆ. ಇವತ್ತು ಹೇಳುವುದು ಸ್ಲೇಟಿನಲ್ಲಿ ಹಿಡಿಯುವಷ್ಟಿಲ್ಲ.

ಹೋದ ತಿಂಗಳು ಫೋನಿನಲ್ಲಿ ನೀನು ಹೇಳಿದ್ದನ್ನು ನಿಮ್ಮಮ್ಮ ನನಗೆ ಹಾಗೇ ಒಪ್ಪಿಸಿದಳು. ನೀವೆಲ್ಲ ಮೂರು ವರ್ಷ ಕೂತು ಮಾಡಿದ ಗೇಮ್ ಹೊರಗೆ ಬಂತು, ಬಂದ ವಾರದಲ್ಲೇ ನೋಡಿದವರೆಲ್ಲ ಹಿಗ್ಗಾಮುಗ್ಗಾ ಬೈದರು, ಅದು ಆಡುವಂಥದ್ದಲ್ಲ, ಅಪ್ಪ ಮಾತ್ರ ಯಾವ ಕಾರಣಕ್ಕೂ ಆಡಬಾರದು ಎಂದೆಯಂತೆ. ನನಗೆ ಅಲ್ಲೇ ಅನುಮಾನ ಬಂತು. ಒಂದನೇ ಕ್ಲಾಸಿನಲ್ಲಿ ಕೋಳಿಯ ಚಿತ್ರ ಬರೆದು, ಅದು ಕೋಳಿಯ ಹಾಗೆ ಇಲ್ಲದಿದ್ದರೂ, ಡ್ಯೂಟಿ ಮುಗಿಸಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ತೋರಿಸಿದವಳು ನೀನು. ಅಂಥವಳು ನೋಡಬೇಡ ಎಂದರೆ ನೋಡದೆ ಇರುವುದಕ್ಕೆ ಆಗುತ್ತದೆಯೇ? ಮಾತು ನಿಂತಿದೆ ಮಗಳೇ, ಕುತೂಹಲ ನಿಂತಿಲ್ಲ.

ಬಸ್ ಸ್ಟ್ಯಾಂಡ್ ಪಕ್ಕದ ಮಹಡಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾಳಲ್ಲ ನಿನ್ನ ಹೈಸ್ಕೂಲ್ ಗೆಳತಿ ಜಹೀದಾ, ಅವಳ ಹತ್ತಿರ ದೊಡ್ಡ ಕಂಪ್ಯೂಟರ್ ಇರುವುದು ನನಗೆ ಗೊತ್ತಿತ್ತು. ಹೋಗಿ ಒಂದು ಚೀಟಿಯಲ್ಲಿ ‘ಏಳು ಸುತ್ತಿನ ಕಾವಲು’ ಎಂದು ಗೇಮಿನ ಹೆಸರು ಬರೆದು ಕೊಟ್ಟೆ. ಅವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು.

“ಇದು ಬ್ಯಾಡ ಅಂಕಲ್. ಬೇರೆದು ಹಾಕ್ಕೊಡ್ತೀನಿ. ಕ್ಯಾರಂ ಐತೆ, ಇಸ್ಪೀಟ್ ಐತೆ.”

ನೀನು ಅವಳಿಗೂ ಹೇಳಿಟ್ಟಿದ್ದೀಯ ಎಂದು ಆಗಲೇ ತಿಳಿಯಿತು. ನಾನು ಕುರ್ಚಿ ಎಳೆದುಕೊಂಡು ಕೂತೆ. ವಯಸ್ಸಾದವನು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡವನು, ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ.

ಈಗ ಗೇಮಿನ ವಿಷಯ. ಬೈದವರು ಬೈದದ್ದರಲ್ಲಿ ಬಹಳಷ್ಟು ನಿಜ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಬೆಟ್ಟದ ಕೋಟೆಗೆ ಒಬ್ಬ ಹುಡುಗಿ ಕದ್ದು ಹೋಗಬೇಕು, ಏಳು ಬಾಗಿಲು ದಾಟಬೇಕು, ಮೇಲೆ ಕೂಡಿಹಾಕಿದ ತಮ್ಮನನ್ನು ಬಿಡಿಸಿ ತರಬೇಕು. ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಓಡಬೇಕು, ಇಲ್ಲ ಹಿಂದಿನಿಂದ ಬಂದು ಕಾವಲುಗಾರನ ತಲೆಗೆ ದೊಣ್ಣೆಯಲ್ಲಿ ಬಾರಿಸಬೇಕು. ಕಥೆ ಚೆನ್ನಾಗಿದೆ. ಆದರೆ ಒಂದು ಕಡೆ ಆ ಹುಡುಗಿಯ ಅರ್ಧ ಮೈ ಗೋಡೆಯೊಳಗೆ, ಅರ್ಧ ಹೊರಗೆ ಸಿಕ್ಕಿಹಾಕಿಕೊಂಡು ಜಹೀದಾ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಬೇಕಾಯಿತು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನು ಕಾವಲುಗಾರರು! ಅವರು ನಡೆಯುವುದು, ನೋಡುವುದು, ಕೇಳುವುದು ಎಲ್ಲ ನಿನ್ನ ಕೆಲಸ ಎಂದು ನೀನೇ ಹೇಳಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಕಡ್ಡಿಯಂಥ ಗಿಡದ ಹಿಂದೆ ಹುಡುಗಿ ನಿಂತಿದ್ದರೆ ಅವಳ ಮುಖಕ್ಕೆ ಮುಖ ಕೊಟ್ಟು ನೋಡಿ, ಯಾರೂ ಇಲ್ಲ ಎಂದು ಹೋಗುತ್ತಾರೆ. ಇಂಥ ಕಣ್ಣಿಟ್ಟುಕೊಂಡು ರಾಮನಗರ–ಮಾಗಡಿ ಬಸ್ಸಿನಲ್ಲಿ ನಾನು ಟಿಕೆಟ್ ಕೊಟ್ಟಿದ್ದರೆ ಇಡೀ ಕೂಟಗಲ್ಲು ಊರೇ ಪುಕ್ಕಟೆ ಓಡಾಡುತ್ತಿತ್ತು.

ಆದರೂ ಎರಡು ಬಾಗಿಲು ದಾಟಿದೆ. ಬಗ್ಗುವುದಕ್ಕೆ ಒಂದು ಬಟನ್, ಓಡುವುದಕ್ಕೆ ಒಂದು. “ಬಗ್ಗಿ ಅಂಕಲ್, ಬಗ್ಗಿ” ಎಂದು ಜಹೀದಾ ಹಿಂದಿನಿಂದ ಹೇಳಿದರೆ ನಾನು ಕುರ್ಚಿಯಲ್ಲೇ ಬಗ್ಗುತ್ತಿದ್ದೆ. ಅವಳು ನಕ್ಕಳು, ನನಗೂ ಖುಷಿಯಾಗಿತ್ತು. ಮೂರನೇ ಬಾಗಿಲ ಹತ್ತಿರ ಬಂದಾಗ ಮಾತ್ರ ಅವಳು ತಟ್ಟನೆ ಸ್ಪೀಕರಿನ ಸದ್ದು ಇಳಿಸಲು ಕೈ ಹಾಕಿದಳು. ಅಷ್ಟರಲ್ಲಿ ಆ ಕಾವಲುಗಾರ ಕೂಗಿಬಿಟ್ಟ.

“ಯಾರ್ಲಾ ಅದು ಬಂಡೆ ಹಿಂದೆ? ಬನ್ರಲಾ ಬನ್ರಲಾ, ಮ್ಯಾಕ್ಕೆ ಬನ್ರಲಾ!”

ನನ್ನ ದನಿ.

ಆಪರೇಷನ್ನಿಗೆ ಮುಂಚಿನ ವಾರ ನೀನು ಬಂದು ಕೋಣೆಯ ಕಿಟಕಿಗೆಲ್ಲ ರಗ್ಗು ಕಟ್ಟಿ, ನನ್ನನ್ನು ಕೂರಿಸಿ ಏನೇನೋ ಕೂಗಿಸಿದ್ದೆ. ಆಮೇಲೆ, ಆಫೀಸಿನವರು ಬೇರೆ ಯಾರದೋ ದನಿ ಹಾಕಿಕೊಂಡರು ಎಂದು ನೀನು ಹೇಳಿದೆ. ನಾನೂ ನಂಬಿದ್ದೆ. ಹೋದ ದನಿ ಕೇಳಿ ನನ್ನ ಮನಸ್ಸು ನೋಯಬಾರದೆಂದು ನೀನು ಹಾಗೆ ಹೇಳಿದೆ ಎಂಬುದು ಈಗ ಗೊತ್ತಾಗುತ್ತದೆ. ಆ ಹೊತ್ತಿಗೆ ಮಾತ್ರ ನನಗೆ ಏನೂ ಹೊಳೆಯಲಿಲ್ಲ. ಎದ್ದು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ಸುಗಳು ಬಂದವು, ಹೋದವು. ನನ್ನ ಜೊತೆ ಕೆಲಸ ಮಾಡಿದ ಹುಡುಗರು ಫುಟ್‌ಬೋರ್ಡಿನ ಮೇಲೆ ನಿಂತು ಕನಕಪುರ, ಚನ್ನಪಟ್ಟಣ ಎಂದು ಕೂಗುತ್ತಿದ್ದರು. ಲೋಕೇಶ್ ಇಳಿದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, “ಏನ್ ಪುಟ್ಟಸ್ವಾಮಣ್ಣಾ, ಚೆಂದಾಗಿದ್ದೀಯಾ?” ಎಂದು ಅರಚಿದ. ಮಾತು ಹೋದವನಿಗೆ ಕಿವಿಯೂ ಹೋಗಿದೆ ಎಂದು ಜನ ಯಾಕೆ ತಿಳಿಯುತ್ತಾರೋ. ತಲೆಯಾಡಿಸಿದೆ. ಮನೆಗೆ ಬಂದು ಊಟ ಬೇಡ ಎಂದು ಸ್ಲೇಟಿನಲ್ಲಿ ಬರೆದು ಮಲಗಿದೆ.

ಆ ವಾರ ನಾನು ಮನೆ ಬಿಟ್ಟು ಹೊರಡಲಿಲ್ಲ. ಕೊನೆಗೆ ಜಹೀದಾಳೇ ಬಂದಳು. ಅಮ್ಮ ಕೊಟ್ಟ ಕಾಫಿ ಮುಟ್ಟದೆ ನನ್ನ ಮುಂದೆ ಕೂತು, ಕಣ್ಣೊರೆಸಿಕೊಳ್ಳುತ್ತ ಎಲ್ಲ ಹೇಳಿದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಆ ಕಾವಲುಗಾರನ ಕೂಗನ್ನು ಜನ ಎಲ್ಲಕ್ಕಿಂತ ಹೆಚ್ಚು ಆಡಿಕೊಂಡಿದ್ದಾರೆ, ಅದಕ್ಕೆ ಆಫೀಸಿನವರು ಮುಂದಿನ ಅಪ್‌ಡೇಟಿನಲ್ಲಿ ಅದನ್ನು ತೆಗೆದು ಯಾರೋ ಕಲಾವಿದರ ದನಿ ಹಾಕುತ್ತಾರೆ, ಹಾಗೆ ಮಾಡಿದರೆ ಕೆಲಸ ಬಿಡುತ್ತೇನೆ ಎಂದು ನೀನು ಬರೆದುಕೊಟ್ಟಿದ್ದೀಯ, ಈ ತಿಂಗಳ ಕೊನೆಯವರೆಗೆ ಯೋಚಿಸು ಎಂದು ಅವರು ಹೇಳಿದ್ದಾರೆ. ಇಷ್ಟೆಲ್ಲ ನಡೆದಿದೆ, ಅಮ್ಮನ ಹತ್ತಿರ ಮಾತ್ರ ದಿನಾ ಏನು ಸಾರು ಎಂದು ಕೇಳಿ ಫೋನ್ ಇಡುತ್ತೀಯ.

ಆಡಿಕೊಂಡಿದ್ದು ಏನೆಂದು ತೋರಿಸು ಎಂದು ನಾನು ಜಹೀದಾಗೆ ಬರೆದು ತೋರಿಸಿದೆ. ಆಗುವುದಿಲ್ಲ ಎಂದಳು. ಬಿಡಲಿಲ್ಲ. ಮೊಬೈಲಿನಲ್ಲಿ ಒಬ್ಬ ಗಡ್ಡದ ಹುಡುಗನ ವಿಡಿಯೊ ಹಾಕಿದಳು. ಅವನು ನಿಮ್ಮ ಗೇಮಿಗೆ ಐದಕ್ಕೆ ಒಂದೂವರೆ ಕೊಟ್ಟು, ಆ ಕೂಗನ್ನು ಮತ್ತೆ ಮತ್ತೆ ಕೇಳಿಸಿ, “ಗುರೂ, ಇವ್ನು ಕೋಟೆ ಕಾಯ್ತಾವ್ನಾ, ಬಸ್ಸಿಗೆ ಜನ ತುಂಬ್ತಾವ್ನಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ನಯನಾ, ನನಗೆ ನಗು ತಡೆಯಲಾಗಲಿಲ್ಲ. ಈಗ ನಾನು ನಕ್ಕರೆ ಸದ್ದಿಲ್ಲ, ಕುತ್ತಿಗೆಯ ತೂತಿನಿಂದ ಬುಸಬುಸ ಗಾಳಿ ಬರುತ್ತದೆ ಅಷ್ಟೆ. ಜಹೀದಾ ಗಾಬರಿಯಾಗಿ ಹಿತ್ತಲಲ್ಲಿದ್ದ ಅಮ್ಮನನ್ನು ಕೂಗಿದಳು. ನನ್ನನ್ನು ನೋಡದೆ, ಊರು ಕೇರಿ ತಿಳಿಯದೆ, ಬರೀ ಒಂದು ಕೂಗಿನಿಂದ ಆ ಹುಡುಗ ನನ್ನ ಕಸುಬು ಹಿಡಿದುಬಿಟ್ಟಿದ್ದ! ಅವನು ಬೈದಿದ್ದು ನಿನಗೆ ಅವಮಾನವಾಗಿ ಕಂಡಿತು. ನನಗೆ, ಯಾರೋ ಬಹಳ ದಿನದ ಮೇಲೆ ಗುರುತು ಹಿಡಿದು ಮಾತಾಡಿಸಿದ ಹಾಗಾಯಿತು.

ಮಾರನೆಯ ದಿನ ಅಮ್ಮನನ್ನೂ ಕರೆದುಕೊಂಡು ಜಹೀದಾಳ ಸ್ಟುಡಿಯೊಗೆ ಹೋದೆ. ಕೂಗಿನ ವಿಷಯ ಹೇಳಿರಲಿಲ್ಲ. ಅವಳು ಮಗಳು ಮಾಡಿದ್ದನ್ನು ನೋಡಲು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮೂರನೇ ಬಾಗಿಲಿಗೆ ಬಂದೆವು. ಕಾವಲುಗಾರ ಕೂಗಿದ. ಅಮ್ಮ ಕೂತಲ್ಲಿಂದ ಅರ್ಧ ಎದ್ದು, “ಬಂದೆ ಕಣ್ರೀ, ಇಲ್ಲೇ ಇವ್ನಿ, ಅದ್ಯಾಕಂಗೆ ಕೂಗ್ಕೊತೀರಾ!” ಎಂದುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಜಹೀದಾ ದೊಣ್ಣೆ ಎತ್ತಿಸಲು ಹೋದರೆ ಅಮ್ಮ ಅವಳ ಕೈ ಹಿಡಿದಳು. “ಹೊಡೀಬ್ಯಾಡ ಕಣವ್ವಾ. ಇರ್ಲಿ, ಮಾತಾಡ್ಲಿ.” ಹಾಗಾಗಿ ಹುಡುಗಿ ಬಂಡೆಯ ಹಿಂದೆ ಕೂತಳು, ನಾವು ಕಂಪ್ಯೂಟರಿನ ಮುಂದೆ ಕೂತೆವು. ಅವನು ಅತ್ತ ಹೋದ, ಇತ್ತ ಬಂದ, “ಒಸಿ ಬೆಂಕಿ ಹಾಕ್ರಲಾ, ಕೈ ಮರಗಟ್ಟೋಯ್ತು” ಎಂದ. ಕೆಮ್ಮಿದ. ಆ ಕೆಮ್ಮನ್ನೂ ನೀನು ತೆಗೆದಿರಲಿಲ್ಲ. ಮದುವೆ ಆಲ್ಬಮ್ಮಿಗೆ ಬಂದವರು ಬಾಗಿಲಲ್ಲಿ ನಿಂತು ಕಾದರು.

ಅವನಿಗೆ ಹೊಡೆಯದೆ ಹೇಗೆ ದಾಟುವುದೆಂದು ಆಮೇಲೆ ಹುಡುಕಾಡಿದೆವು. ಅಮ್ಮನೇ ಕಂಡುಹಿಡಿದಳು, ಗೋಡೆಯ ಬುಡದಲ್ಲಿ ನೀರು ಹೋಗುವ ಕಿಂಡಿ. ತೆವಳಿಕೊಂಡು ಹೋದರೆ ಅವನ ಬೆನ್ನ ಹಿಂದೆಯೇ ಎದ್ದು ನಡೆಯಬಹುದು. ಉಳಿದ ಯಾವ ಬಾಗಿಲಲ್ಲೂ ಅಂಥ ದಾರಿ ನಮಗೆ ಸಿಗಲಿಲ್ಲ. ಅದನ್ನು ಯಾರು ಇಟ್ಟರೆಂದು ನಾನು ಕೇಳುವುದಿಲ್ಲ.

ಮನೆಗೆ ಬರುವಾಗ ಅಮ್ಮ ಮುಂದೆ ಮುಂದೆ ನಡೆದಳು. ತೆಂಗಿನ ತೋಟದ ತಿರುವಿನಲ್ಲಿ ನಿಂತು ಹೇಳಿದಳು:

“ಕೇಳಿ ಒಟ್ಟೆ ತುಂಬ್ತು. ಆದ್ರೆ ನಾನು ಬಂದೆ ಅಂದೆ, ಅವ್ರು ಏನೂ ಅನ್ಲಿಲ್ಲ. ಅದನ್ನೇ ಕೂಗ್ತಾರೆ, ಅದನ್ನೇ ಕೆಮ್ತಾರೆ. ಉತ್ತರ ಕೊಡಾಕಿಲ್ವಲ್ಲ ಕಣ್ರೀ. ಆಸ್ಪತ್ರೆ ಮೇಡಂ ಕೊಟ್ರಲ್ಲ, ಕುತ್ತಿಗೆಗೆ ಇಡ್ಕಂಡು ಮಾತಾಡೋ ಮಿಷನ್ನು, ಅದು ಬೀರುನಲ್ಲಿ ಯಾರಿಗಂತ ಮಡಗಿದ್ದೀರಾ?”

ಆ ಮಿಷನ್ ನಿನಗೂ ಗೊತ್ತು. ಒಂದೇ ಸಲ ಹಿಡಿದು, ಮಿಕ್ಸಿ ತಿರುಗಿದ ಹಾಗೆ ಬಂದ ಸದ್ದಿಗೆ ಹೇಸಿ ಒಳಗೆ ಎಸೆದಿದ್ದೆ. ನೀನು ಬಂದಾಗಲೆಲ್ಲ ಕೇಳುತ್ತಿದ್ದೆ, ನಾನು ಮುಖ ತಿರುಗಿಸುತ್ತಿದ್ದೆ. ಅಮ್ಮನಿಗೆ ಉತ್ತರ ಬರೆಯಲು ಸ್ಲೇಟಿಗೆ ಕೈ ಚಾಚಿದೆ. ಸ್ಲೇಟು ಮನೆಯಲ್ಲೇ ಇತ್ತು.

ಏಳೂ ಬಾಗಿಲು ದಾಟಿದ್ದೇವೆ. ತಮ್ಮನನ್ನು ಬಿಡಿಸಿದೆವು. ಕೊನೆ ಬಹಳ ಸಪ್ಪೆ. ಅಷ್ಟು ಕಷ್ಟಪಟ್ಟು ಹತ್ತಿದವಳು ತಮ್ಮನ ಹತ್ತಿರ ಒಂದು ಮಾತೂ ಆಡುವುದಿಲ್ಲ, ತೆರೆ ಕಪ್ಪಾಗಿಬಿಡುತ್ತದೆ. ಇನ್ನು ಆಡಬಹುದೇ ಎಂದರೆ, ಆಡಬಹುದು ಎಂದೇ ನನ್ನ ತೀರ್ಪು. ಅಪ್ಪನೆಂದು ಹೇಳುತ್ತಿಲ್ಲ. ಐದನೇ ಬಾಗಿಲು ದಾಟಿದ ಮೇಲೆ ಬೆಳಕು ಹರಿಯುತ್ತದಲ್ಲ, ಬಂಡೆಯ ಮೇಲೆ ಹುಡುಗಿ ಒಬ್ಬಳೇ ನಡೆಯುತ್ತಾಳೆ, ಅವಳ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಅಲ್ಲಿ ನಾವು ಮೂವರೂ ಉಸಿರು ಹಿಡಿದು ಕೂತಿದ್ದೆವು. ಅಷ್ಟು ಮಾಡಲು ಬರುವವರಿಗೆ ಉಳಿದದ್ದನ್ನು ಸರಿಮಾಡಲು ಬರುವುದಿಲ್ಲವೇ? ಕಾವಲುಗಾರರಿಗೆ ಒಳ್ಳೆಯ ಕಣ್ಣು ಕೊಡು. ಗೋಡೆ ರಿಪೇರಿ ಮಾಡಿಸು.

ಆ ದನಿಯನ್ನು ತೆಗೆಯುವುದಾದರೆ ತೆಗೆಯಲಿ. ಇದನ್ನು ಯೋಚಿಸಿ, ಅಮ್ಮನಿಗೂ ಓದಿಸಿ ಬರೆಯುತ್ತಿದ್ದೇನೆ. ನಾವು ಕೇಳಿಯಾಯಿತು. ಜಹೀದಾ ಅದನ್ನು ಬೇರೆಯಾಗಿ ಇಟ್ಟುಕೊಡುತ್ತಾಳಂತೆ. ನನ್ನ ಗಂಟಲಿಗೋಸ್ಕರ ನೀನು ಕೆಲಸ ಬಿಟ್ಟರೆ ಅದು ನನಗೆ ಕೊಡುವ ಮರ್ಯಾದೆ ಅಲ್ಲ, ಶಿಕ್ಷೆ. ನಾಳೆಯೇ ಹೋಗಿ ಆ ಕಾಗದ ವಾಪಸ್ ತೆಗೆದುಕೋ. ಕಲಾವಿದರು ಬಂದಾಗ ಒಂದು ಮಾತು ಮಾತ್ರ ಹೇಳು, ಎದೆಯಿಂದ ಕೂಗಬೇಕು, ಗಂಟಲಿನಿಂದ ಕೂಗಿದರೆ ಬೇಗ ಹೋಗುತ್ತದೆ.

ಸಂಕ್ರಾಂತಿಗೆ ಬಾ. ಬರುವಾಗ ಸಣ್ಣ ಮುಖ ಮಾಡಿಕೊಂಡು ಬರಬೇಡ.

ಇತಿ ನಿನ್ನನ್ನು ನೆನೆಯದೆ ಒಂದು ಹೊತ್ತೂ ಕಳೆಯದ,
ಅಪ್ಪ
ಪುಟ್ಟಸ್ವಾಮಿ

ತಾ.ಕ.: ಅಮ್ಮನಿಂದ ಮುಚ್ಚಿಡಲು ಆಗಲಿಲ್ಲ, ನಿನ್ನಿಂದ ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ. ಮೂರು ವಾರದಿಂದ ಆ ಮಿಷನ್ ತೆಗೆದುಕೊಂಡು, ಅದರಲ್ಲಿ ಮಾತಾಡುವುದನ್ನು ಕಲಿಯಲು ಆಸ್ಪತ್ರೆಯ ಪ್ರತಿಮಾ ಮೇಡಂ ಹತ್ತಿರ ಹೋಗುತ್ತಿದ್ದೇನೆ. ಈ ಕಾಗದ ಸಿಕ್ಕ ದಿನ ಸಂಜೆ ಫೋನ್ ಮಾಡು, ನಾನೇ ಎತ್ತುತ್ತೇನೆ. ಗರಗರ ಸದ್ದು ಬಂದರೆ ಲೈನ್ ಕೆಟ್ಟಿದೆ ಎಂದು ಇಟ್ಟುಬಿಡಬೇಡ. ನಿನ್ನೆ ಮೊದಲ ಸಲ ಒಂದು ಪೂರ್ತಿ ಮಾತು ಆಡಿದೆ. “ಸಾರಿಗೆ ಉಪ್ಪು ಕಮ್ಮಿ” ಎಂದೆ. ನಿಮ್ಮಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಗಿ, ಬೇಕಾದ್ರೆ ಹಾಕ್ಕೊಂಡು ಉಣ್ಣಿ ಎಂದು ರೇಗಿದಳು. ನಾನೂ ಬಿಡಲಿಲ್ಲ. ಊಟ ಮುಗಿಯುವವರೆಗೂ ಇಬ್ಬರೂ ಜಗಳವಾಡಿದೆವು.