ಹನ್ನೆರಡು ನಿಮಿಷದ ನೆರಳು

ಮಾನ್ಯ ಮೇಲಧಿಕಾರಿಗಳೇ,

ಬಿಸಿಲು ಅಳೆಯುವ ಗಾಜಿನ ಗುಂಡಿನ ಮೂಲಕ ಹಾದ ಕಿರಣ ಕಾರ್ಡಿನ ಮೇಲೆ ಸುಟ್ಟ ಗೆರೆ ಹನ್ನೆರಡು ನಿಮಿಷ ತುಂಡಾಗಿದೆ, ಮೋಡ ಬಂದಿತ್ತೇ ಎಂದು ಕೇಳಿದ್ದೀರಿ. ಅಡ್ಡ ಬಂದದ್ದು ನಾನು.

ಈ ಉತ್ತರದ ತುದಿಯಲ್ಲಿ ಚಳಿಗಾಲದ ಐವತ್ತೊಂದು ದಿನ ಸೂರ್ಯ ಹುಟ್ಟುವುದೇ ಇಲ್ಲ. ಕಾರ್ಡೂ ಖಾಲಿ, ಎದುರಿನ ಕುರ್ಚಿಯೂ ಖಾಲಿ. ಆ ಕತ್ತಲೆ ಕಳೆದು ಗೆರೆ ಸುಡುವಷ್ಟು ಬಿಸಿಲು ಮೊದಲ ಸಲ ಬಂದದ್ದು ನೀವು ಕೇಳಿದ ಆ ದಿನವೇ, ಅದೂ ನಲವತ್ತು ನಿಮಿಷ. ಗುಂಡಿನ ಮುಂದೆ ನಿಂತು ಬಿಸಿಲಿಗೆ ಮುಖ ಒಡ್ಡಿದೆ. ಹಿಂದೆ ನೆರಳು ಬಿದ್ದದ್ದು ಗಮನಕ್ಕೆ ಬರಲಿಲ್ಲ.

“ಇಲ್ಲಿ ಬಿಸಿಲಿಗೆ ಬೈದು ಬೈದು ಬಾಯಿ ಒಣಗಿದೆ ಕಣ್ರೀ. ನೀವು ನೋಡಿದ್ರೆ ಅದರ ಮುಂದೆ ಹೋಗಿ ನಿಂತಿದೀರಿ” ಎಂದು ಊರಿನಲ್ಲಿರುವ ನನ್ನ ಹೆಂಡತಿ ಫೋನಿನಲ್ಲಿ ನಕ್ಕಳು.

ಮೋಡ ಎಂದು ಬರೆದರೆ ಊರಿಗೆ ನನ್ನ ವರ್ಗಾವಣೆ ಸಲೀಸು. ನಿರ್ಲಕ್ಷ್ಯ ಎಂದಾದರೆ ಇನ್ನೊಂದು ಚಳಿಗಾಲ ಇಲ್ಲೇ. ನಿಯಮ ಗೊತ್ತು. ಆದರೂ ಮೂವತ್ತು ವರ್ಷದ ದಾಖಲೆಗೆ ಇಲ್ಲದ ಮೋಡ ಸೇರಿಸಲು ಮನಸ್ಸಾಗಲಿಲ್ಲ.

ಒಂದೇ ವಿನಂತಿ: ವರ್ಗಾವಣೆ ರದ್ದಾಗುವುದಾದರೆ ಬೇಗ ತಿಳಿಸಿ. ಅವಳು ಆಗಲೇ ನನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳಂತೆ.

ಇಂತಿ,
ಬಿಸಿಲು ಕೇಂದ್ರದ ಏಕೈಕ ನೌಕರ